ಪುಸ್ತಕದಲ್ಲಿದ್ದ ಇಂಜಿನಿಯರ್

ಕಾಲೇಜಿನ ಅರ್ಜಿಯಲ್ಲಿ ಒಂದೇ ಜಾಗ ಖಾಲಿ ಉಳಿದಿತ್ತು: ಯಾವ ವಿಷಯ? ಸಂಜೆ ಐದರೊಳಗೆ ಅದನ್ನು ತುಂಬದಿದ್ದರೆ ಹನ್ನೆರಡನೇ ತರಗತಿ ಮುಗಿಸಿದ್ದ ಹರ್ಷದ ನಾಳೆಯಿಂದ ಅಪ್ಪನ ಪವರ್‌ಲೂಮ್ ಮುಂದೆ ನಿಲ್ಲಬೇಕು. ಇಚಲಕರಂಜಿಯ ಶಹಾಪುರದಲ್ಲಿ ಹುಟ್ಟಿದಂದಿನಿಂದ ಆ ಖಟಖಟ ಕೇಳಿ ಅವನ ಕಿವಿ ಜರಡಿಯಾಗಿತ್ತು.

ಆದರೆ ಯಾವುದನ್ನು ಓದಿದರೆ ಕೆಲಸ ಸಿಗುತ್ತದೆ? ಎಲ್ಲದಕ್ಕೂ ಸಿಗುತ್ತದೆಂದು ಕಾಲೇಜುಗಳು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದವು. ಸುಳ್ಳರು! ತಲೆ ಕೆಟ್ಟು ಡಬ್ಬಿ ತಡಕಾಡುವಾಗ ಅವ್ವ ರಾಜಮತಿ ಇಟ್ಟಿದ್ದ ವಧು-ವರರ ಸಮಾವೇಶದ ಪುಸ್ತಕ ಸಿಕ್ಕಿತು. ತಮ್ಮ ಸಮಾಜದ ಹುಡುಗರು ಏನು ಓದಿದ್ದಾರೆ, ಎಲ್ಲಿ ನೌಕರಿ, ಎಷ್ಟು ಪಗಾರ, ಎಲ್ಲ ಫೋನ್ ನಂಬರಿನೊಂದಿಗೆ! ಹೆಣ್ಣು ಕೊಡುವವರ ಮುಂದೆ ಯಾರು ಸುಳ್ಳು ಹೇಳಿಯಾರು?

ಎಲ್ಲರಿಗಿಂತ ದೊಡ್ಡ ಪಗಾರ ಗಡಹಿಂಗ್ಲಜದ ಕೇತನನದು. ಮೆಕ್ಯಾನಿಕಲ್ ಇಂಜಿನಿಯರ್, ಕೊಲ್ಹಾಪುರದಲ್ಲಿ ನೌಕರಿ. ಮಧ್ಯಾಹ್ನ ಎರಡಕ್ಕೆ ಹರ್ಷದ ಫೋನ್ ಹಚ್ಚಿದ. ಎತ್ತಿದವನು ಕೇತನನ ಅಪ್ಪ ಜಿನಪಾಲ.

"ನಿಮ್ಮ ಹುಡುಗಗ ನೌಕರಿ ಪಕ್ಕಾ ಐತೇನ್ರಿ?"

"ಪಕ್ಕಾ ಅಂದ್ರ ಪಕ್ಕಾ! ನಿಮ್ಮ ಮನಿ ಎಲ್ಲಿ ಬರತೈತ್ರಿ?"

"ಶಹಾಪುರದಾಗ, ನೀರಿನ ಟಾಕಿ ಹಿಂದ ರೀ."

ಫೋನ್ ಕಟ್ಟಾಯಿತು.

ನಾಲ್ಕೂವರೆಗೆ ಬಾಗಿಲಲ್ಲಿ ಕಾರು ನಿಂತಿತು. ಜಿನಪಾಲ ಮಗನೊಂದಿಗೆ ಇಳಿದು, ಚಾಪೆಯ ಮೇಲೆ ಕೂತು, "ಹುಡುಗೀನ್ನ ಕರೀರಿ" ಎಂದ.

"ನಮಗ ಇರಾಂವ ಇವನೊಬ್ಬನ ರೀ, ಈ ಕತ್ತೆ!" ರಾಜಮತಿ ಮಗನನ್ನು ಸುಡುವಂತೆ ನೋಡಿದಳು.

ಕಿಟಕಿಗೆ ಕಿವಿಯಿಟ್ಟಿದ್ದ ಪಕ್ಕದ ಮನೆಯ ಸಾವಕ್ಕ ಒಳಗೇ ನುಗ್ಗಿದಳು. "ತಡೀರಿ ತಡೀರಿ! ಬಂದ ಮಂದೀನ್ನ ಹಂಗ ಕಳಸ್ತಾರೇನ?" ಹತ್ತೇ ನಿಮಿಷದಲ್ಲಿ ತನ್ನ ಮಗಳು ಮನಾಲಿಗೆ ಸೀರೆ ಸುತ್ತಿ, ಅವಲಕ್ಕಿಯ ತಾಟು ಕೊಟ್ಟು ತಂದು ನಿಲ್ಲಿಸಿದಳು.

ಐದಕ್ಕೆ ಐದು ನಿಮಿಷ. ಕನ್ನಡಿಯಂತೆ ಹೊಳೆಯುವ ಕೇತನನ ಬೂಟು ನೋಡಿ ಹರ್ಷದ ತನ್ನ ಮೊಬೈಲಿನಲ್ಲಿ 'ಮೆಕ್ಯಾನಿಕಲ್' ಒತ್ತಿಬಿಟ್ಟ. ಅರ್ಜಿ ಹೋಯಿತು. "ಮೆಕ್ಯಾನಿಕಲ್ ತಗೊಂಡೆ ಅವ್ವಾ!" ಎಂದು ಕೂಗಿದ. ಗೆದ್ದೆ!

ಅಷ್ಟರಲ್ಲಿ ಕೇತನ ಎದ್ದು, ಮನೆ ಹಿಂದಿನ ಮಗ್ಗದ ಶೆಡ್ಡಿಗೆ ಹೋಗಿ, ಹರ್ಷದನ ಅಪ್ಪನ ಕಿವಿಯಲ್ಲಿ ಕೂಗಿದ: "ಕಾಕಾ, ಇಲ್ಲಿ ಕೆಲಸ ಐತೇನ್ರಿ?"

ಬೆನ್ನಹಿಂದೆಯೇ ಬಂದಿದ್ದ ಹರ್ಷದ ಅವನ ತೋಳು ಹಿಡಿದ. "ಅಣ್ಣಾ, ಕೊಲ್ಹಾಪುರದ ನೌಕರಿ?"

"ಡಿಗ್ರಿ ಖರೇ ತಮ್ಮಾ. ನೌಕರಿ ನಮ್ಮಪ್ಪ ಪುಸ್ತಕದಾಗ ಸುಳ್ಳ ಬರಸಿದ್ದು. ಮೂರು ವರ್ಷ ಆತು, ಹುಡುಕಾಕತ್ತೇನಿ."

ಆಳು ಸಿಗದೆ ಒದ್ದಾಡುತ್ತಿದ್ದ ಹರ್ಷದನ ಅಪ್ಪನ ಮುಖ ಅರಳಿತು. "ನಾಳಿಂದನ ಬಾರಪಾ! ನಮ್ಮಾಂವ ಕಾಲೇಜಿಗೆ ಹೊಂಟಾನ, ಅವನ ಜಾಗಾ ಖಾಲಿ ಐತಿ."

ಕೇತನ ಖುಷಿಯಿಂದ ಹರ್ಷದನ ಬೆನ್ನು ತಟ್ಟಿದ. "ಮೆಕ್ಯಾನಿಕಲ್ ತಗೊಂಡಿ? ನನ್ನ ಪುಸ್ತಕಾ ಎಲ್ಲಾ ಒಯ್ಯಪಾ. ರದ್ದಿಯಾಂವನೂ ಒಲ್ಲೆ ಅಂದಾನ."