ನೀರು ಕಾಣದ ಮನೆ

ಸಮುದ್ರ ಕಾಣುವ ಮನೆ ಬೇಕೆಂದು ಯುರೋಪಿನಲ್ಲಿ ದುಡ್ಡು ಸುರಿಯುವ ಶ್ರೀಮಂತರನ್ನು ನೀವು ನೋಡಿರಬಹುದು. ಸಮುದ್ರ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಮನೆ ಬೇಡವೆಂದ ಗಿರಾಕಿಯನ್ನು ನೋಡಿದ್ದೀರಾ? ನಮ್ಮ ಸೋದರಮಾವನನ್ನು ನೋಡಿ. ನೋಡಿದ ಮೇಲೂ ನನಗೆ ಬಂದಷ್ಟು ಸಿಟ್ಟು ನಿಮಗೆ ಬಾರದಿದ್ದರೆ ನೀವು ಪುಣ್ಯವಂತರು. ನಿಮ್ಮ ರಕ್ತದೊತ್ತಡ ಚೆನ್ನಾಗಿದೆ ಎಂದು ತಿಳಿಯಿರಿ.

ಮಾವ ಈಗ ಇಳಕಲ್ಲಿನವ, ಕೆಂಪು ಗ್ರಾನೈಟಿನ ವ್ಯಾಪಾರಿ. ನಮ್ಮ ನೆಲದ ಕಲ್ಲನ್ನು ಹೊಳೆಯುವಂತೆ ಉಜ್ಜಿ ಹಡಗಿಗೆ ಹೇರಿಸಿ ಪರದೇಶದವರ ಅಡುಗೆಮನೆಗೆ ಕಳಿಸುವುದು ಈತನ ಉದ್ಯೋಗ. ಹುಟ್ಟಿದ್ದು ಮಾತ್ರ ಹಳೆ ಬಾಗಲಕೋಟೆಯ ಒಂದು ಓಣಿಯಲ್ಲಿ. ಆ ಓಣಿ ಈಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ ಹೇಳುತ್ತಾರಲ್ಲ, ಮಾವನ ಪಾಲಿಗೆ ನೀರೇ ಊರಿಗೆ ಬಂತು! ಅಂದಿನಿಂದ ಆತ ನೀರು ಕುಡಿಯುತ್ತಾನೆ, ನೀರಲ್ಲಿ ಮೀಯುತ್ತಾನೆ, ನೀರನ್ನು ನಂಬುವುದು ಮಾತ್ರ ಬಿಟ್ಟಿದ್ದಾನೆ.

ಇದೇ ಕಾರಣಕ್ಕೆ ಆತನ ಲಗ್ನವೂ ಆಗಲಿಲ್ಲ. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಹರಿಯುವ ಜಿಲ್ಲೆಯಲ್ಲಿ ಹೊಳೆಸಾಲಿನ ಹೆಣ್ಣು ಬೇಡವೆಂದು ಕೂತರೆ ಯಾರು ಸಿಗಬೇಕು? ಕೂಡಲಸಂಗಮದ ಹತ್ತಿರದ ಒಂದು ಮನೆಯಲ್ಲಿ ಹೆಣ್ಣಿನವರು ಚಹಾ, ಅವಲಕ್ಕಿ ಕೊಟ್ಟು ಹುಡುಗಿಯನ್ನು ಕರೆದು ತೋರಿಸಿದ ಮೇಲೆ ಈತ ಹಿತ್ತಲಿಗೆ ಹೋಗಿ ಬಂದ. ಬಂದವನೇ, "ಹುಡುಗಿ ಛಲೋ ಅದಾಳ್ರಿ. ಆದ್ರ ನಿಮ್ಮ ಹಿತ್ತಲದಾಗ ನಿಂತ್ರ ಹೊಳಿ ಕಾಣತೈತಿ. ನಾಳಿ ನಿಮ್ಮ ಮನಿನೂ ಮುಳುಗಿತು ಅಂದ್ರ ನೀವು ಅಷ್ಟೂ ಮಂದಿ ನಮ್ಮ ಮನಿಗೇ ಬರ್ತೀರಿ" ಎಂದುಬಿಟ್ಟ. ಬೀಗರಾಗಬೇಕಿದ್ದವರು ಬಡಿಗೆ ಹುಡುಕಿದರಂತೆ.

ಹಾಗೆಂದು ಈತ ಇಲ್ಲೇ ನೆಲೆ ಊರಲು ನೋಡಲಿಲ್ಲ ಎನ್ನುವಂತಿಲ್ಲ. ಹುನಗುಂದದ ಹತ್ತಿರ ಜಾಗ ಕೊಂಡು ಗೋಡೆ ಏಳಿಸಿದ. ರಸ್ತೆ ಅಗಲ ಮಾಡುತ್ತೇವೆಂದು ಬಂದವರು ಆ ಗೋಡೆಯ ನಡುವೆಯೇ ಗೂಟ ಹೊಡೆದರು. ಬಾದಾಮಿಯಲ್ಲಿ ಗುಡ್ಡದ ಮಗ್ಗುಲಲ್ಲಿ, ನೀರು ರಸ್ತೆ ಯಾವುದೂ ಬಾರದ ಎತ್ತರದಲ್ಲಿ ಕೊಂಡ. ಸ್ಮಾರಕದ ಸರಹದ್ದು, ಇಲ್ಲಿ ಇಟ್ಟಿಗೆ ಇಡುವಂತಿಲ್ಲ ಎಂದರು. ಮಾವ ಬಾಗಲಕೋಟೆಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಘೋಷಿಸಿದ: "ಒಂದು ಮನಿ ಹೊಳ್ಯಾಗ ಹೋತು, ಒಂದು ರಸ್ತೇದಾಗ ಹೋತು, ಒಂದು ರಾಜರ ಕಾಲಕ್ಕ ಹೋತು. ಈ ದೇಶದಾಗ ನನ್ನ ಪಾಲಿಗೆ ಜಾಗಾನೇ ಉಳದಿಲ್ಲ!"

ನಾನು ನಕ್ಕೆ. ನಗಬಾರದಿತ್ತು. ಮರುತಿಂಗಳೇ ಈತ ಗ್ರೀಸ್ ದೇಶದಲ್ಲಿ ಮನೆ ಕೊಳ್ಳಲು ಹೊರಟ! ಈತನ ಕಲ್ಲು ಕೊಳ್ಳುವ ಪರದೇಶದ ಸಾಹುಕಾರನೊಬ್ಬ ಹೇಳಿದನಂತೆ, ಅಲ್ಲಿ ದೊಡ್ಡ ಬೆಲೆಯ ಮನೆಯೊಂದನ್ನು ಕೊಂಡರೆ ಸಾಕು, ಮನೆಯ ಜೊತೆಗೆ ಆ ದೇಶದಲ್ಲಿ ಇರಲು ಪರವಾನಗಿಯನ್ನೂ ಕೊಡುತ್ತಾರೆ, ಮನೆ ಇರುವ ತನಕ ಅದನ್ನು ಹೊಸದು ಮಾಡಿಸುತ್ತ ಹೋಗಬಹುದು ಎಂದು. ಸೀರೆ ಕೊಂಡರೆ ಕುಪ್ಪಸದ ಖಣ ಕೊಟ್ಟ ಹಾಗೆ!

ಇನ್ನು ನನ್ನ ಸಿಟ್ಟಿನ ಕಾರಣ ಹೇಳುತ್ತೇನೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅವ್ವ ಮತ್ತು ನಾನು ಇರುವುದು ಹಳೆ ಬಾಗಲಕೋಟೆಯಲ್ಲಿ ನೀರು ಬಿಟ್ಟು ಉಳಿಸಿದ ಭಾಗದಲ್ಲಿ. ಅದು ನಮ್ಮಪ್ಪನ ಮನೆ. ಓಣಿಯ ತುದಿಗೆ ಹಿನ್ನೀರು. ಅಪ್ಪ ಈಗಿಲ್ಲ. ಅಣೆಕಟ್ಟನ್ನು ಇನ್ನೂ ಎತ್ತರ ಮಾಡುತ್ತಾರೆಂಬ ಮಾತು ಹರಡಿದ ಮೇಲೆ ಅಳತೆಯವರು ಬಂದು ನಮ್ಮ ಹೊರಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಆ ನಂಬರು ಬಿತ್ತೆಂದರೆ ಮನೆ ಮುಳುಗಡೆಯ ಲೆಕ್ಕಕ್ಕೆ ಸೇರಿತೆಂದು ನಮ್ಮೂರಿನ ಕೂಸಿಗೂ ಗೊತ್ತು. ಮುಳುಗಡೆಯವರಿಗೆಂದೇ ಎತ್ತರದಲ್ಲಿ ಕಟ್ಟಿದ ನವನಗರಕ್ಕೆ ಹೋಗೋಣವೆಂದರೆ ಅವ್ವ ಒಲ್ಲಳು. ಸಂಜೆಯಾದರೆ ಕಟ್ಟೆಯ ಮೇಲೆ ನೀರಿಗೆ ಮುಖ ಮಾಡಿ ಕೂತು, "ನೀರು ಬರಲಿ, ಆಮ್ಯಾಲ ನೋಡೂಣು" ಎನ್ನುತ್ತಾಳೆ. ಗಾಳಿಯ ಆಸೆಗೆ ಮುದುಕಿ ಹಟ ಹಿಡಿದಿದ್ದಾಳೆಂದು ನಾನು ಹಲ್ಲು ಕಡಿಯುತ್ತಿದ್ದೆ. ಅವಳು ಮಾತು ಕೇಳುವುದು ಜಗತ್ತಿನಲ್ಲಿ ಒಬ್ಬನದೇ, ತಮ್ಮನದು. ಆ ತಮ್ಮ ಬಂದು ಅಕ್ಕನನ್ನು ಒಪ್ಪಿಸಿ ಎತ್ತರದಲ್ಲೊಂದು ಮನೆ ಮಾಡಿಕೊಡುವುದು ಬಿಟ್ಟು ಅಥೆನ್ಸಿನಲ್ಲಿ ಮನೆ ನೋಡುತ್ತಿದ್ದಾನೆ! ಅದಕ್ಕೆ ದುಭಾಷಿ ಬೇರೆ ನಾನೇ!

ಮೊದಲ ವಿಡಿಯೋ ಕರೆ ನಮ್ಮ ಪಡಸಾಲೆಯಲ್ಲೇ ನಡೆಯಿತು. ಅಥೆನ್ಸಿನ ದಲ್ಲಾಳಿ ಸಭ್ಯ ಮನುಷ್ಯ. ಫೋನು ಹಿಡಿದು ಕೋಣೆಗಳನ್ನೆಲ್ಲ ತೋರಿಸಿ, ಕೊನೆಗೆ ಜಾದೂಗಾರನ ಹಾಗೆ ಪರದೆ ಸರಿಸಿದ. ಕಿಟಕಿಯ ತುಂಬ ನೀಲಿ ಸಮುದ್ರ! ನಾನು ಆಹಾ ಎನ್ನುವಷ್ಟರಲ್ಲಿ ಮಾವ ಕುರ್ಚಿ ಹಿಂದಕ್ಕೆ ಎಳೆದುಕೊಂಡ.

"ಮುಚ್ಚು ಅಂತ ಹೇಳು ಅವಗ!"

"ಯಾಕ ಮಾಮಾ?"

"ನೀರು ಎಷ್ಟು ಹತ್ರ ಐತಿ ಕಾಣಂಗಿಲ್ಲೇನ? ಆಣೆಕಟ್ಟು ಎಲ್ಲಿ ಕಟ್ಟಾಕತ್ತಾರ ಕೇಳು."

"ಸಮುದ್ರಕ್ಕ ಯಾರೂ ಆಣೆಕಟ್ಟು ಕಟ್ಟೂದಿಲ್ಲ ಮಾಮಾ."

"ನಮ್ಮ ಹೊಳಿಗೂ ಯಾರೂ ಕಟ್ಟೂದಿಲ್ಲ ಅಂತ ನಮ್ಮಜ್ಜ ಹೇಳಿದ್ದ."

ಇದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಲಿ? ನಮ್ಮವರಿಗೆ ಸಮುದ್ರ ಸೇರುವುದಿಲ್ಲ ಎಂದೆ. ಸಮುದ್ರ ಕಾಣುವುದಕ್ಕೇ ಜನ ಹೆಚ್ಚಿನ ಹಣ ಕೊಡುತ್ತಾರಲ್ಲ ಎಂದು ದಲ್ಲಾಳಿ ಪೆಚ್ಚಾದ. ಇದನ್ನು ತಿಳಿಸಿದೆನೋ ಇಲ್ಲವೋ, ಮಾವನ ವ್ಯಾಪಾರಿ ಕಣ್ಣು ಮಿಂಚಿತು. "ಹಂಗಾರ ನೀರು ಕಾಣದ್ದು ತೋರಸು, ರೇಟು ಇಳಸು ಅಂತ ಹೇಳು!"

ಎರಡನೆಯ ಸಲ ದಲ್ಲಾಳಿ ಊರ ಒಳಗಿನ ಏರಿನ ಮೇಲೆ ಒಂದು ಮನೆ ಹುಡುಕಿದ್ದ. ಯಾವ ಕಿಟಕಿ ತೆಗೆದರೂ ಎದುರುಮನೆಯ ಗೋಡೆ. ಮಾವನಿಗೆ ಸ್ವರ್ಗ ಸಿಕ್ಕಂತಾಯಿತು. "ಇದು ಮನಿ ಅಂದ್ರ! ಇನ್ನ ಹೊರಗಿನ ಗ್ವಾಡಿ ಒಂದು ತೋರಸಾಕ ಹೇಳು." ಕೆಂಪು ನಂಬರು ಇದೆಯೋ ಎಂದು ನೋಡುವುದು ಆತನ ರೂಢಿ. ಯಾರ ಮನೆಗೆ ಹೋದರೂ, ಹೊರಗೋಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಯೇ ಚಪ್ಪಲಿ ಬಿಡುತ್ತಾನೆ.

ದಲ್ಲಾಳಿ ಪಾಪ, ಕೆಳಗಿಳಿದು ಬೀದಿ ತೋರಿಸಿದ. ಶಿವನೇ! ಒಂದು ಗೋಡೆ ಬಿಡದೆ ಬಣ್ಣದಲ್ಲಿ ಗೀಚಿದ್ದಾರೆ. ಅಕ್ಷರ, ಅಂಕಿ, ಬಾಣದ ಗುರುತು, ಅದರಲ್ಲಿ ಅರ್ಧಕ್ಕರ್ಧ ಕೆಂಪು! ಮಾವನ ಮುಖ ಕಪ್ಪಿಟ್ಟಿತು.

"ನೋಡಿದೇನ? ಇಡೀ ಓಣಿ ಹೊಂಟೈತಿ! ಮಂದಿಗೆ ಇನ್ನೂ ಗೊತ್ತಿಲ್ಲ, ಅಷ್ಟರಾಗ ಇಂವ ನಮಗ ಮಾರಾಕ ನಿಂತಾನ!"

"ಮಾಮಾ, ಅದು ಸರ್ಕಾರದವರು ಬರದಿದ್ದಲ್ಲ. ಅಲ್ಲಿ ಹುಡುಗ್ರು ಸುಮ್ಮ ಸುಮ್ಮನ ಹಂಗ ಬರೀತಾರ."

"ಇಲ್ಲಿ ಅಳತಿಗೆ ಬಂದಿದ್ದವ್ರೂ ಹುಡುಗ್ರೇ ಇದ್ರು."

ದಲ್ಲಾಳಿಯನ್ನೇ ಕೇಳಿದೆ. ಸರ್ಕಾರ ಬರೆಸುವುದಿಲ್ಲ, ಬದಲಿಗೆ ಆಗಾಗ ಒರೆಸುತ್ತದೆ ಎಂದ. ಮಾವ ಎದೆ ಹಿಡಿದುಕೊಂಡ. "ಬರದ ನಂಬರ ಒರಸ್ತಾರಂತ? ಹಂಗಂದ್ರ ಪರಿಹಾರಾನೂ ಕೊಡೂದಿಲ್ಲ!"

ನಾನು ಲ್ಯಾಪ್‌ಟಾಪನ್ನು ಅಪ್ಪಳಿಸಿ ಮುಚ್ಚಿದೆ. ಆಮೇಲೆ ಆತ ವಾರಗಟ್ಟಲೆ ಇಳಕಲ್ಲಿನಿಂದ ಫೋನು ಮಾಡಿ ಗೋಗರೆದು, ಸುಣ್ಣ ಹೊಡೆದಂತೆ ಬಿಳಿಯಾಗಿದ್ದ ಗೋಡೆಯ ಮೂರನೆಯ ಮನೆಯೊಂದನ್ನು ಒಪ್ಪಿಕೊಳ್ಳುವ ಹೊತ್ತಿಗೆ ನನ್ನ ತಾಳ್ಮೆ ತಳ ಕಂಡಿತ್ತು. ಈ ನಡುವೆ ಇನ್ನೊಂದು ಘನಕಾರ್ಯ ಮಾಡಿದ್ದ. "ತಿರುಗಾಡಾಕ ಬೇಕಾಗತೈತಿ" ಎಂದು ಅವ್ವನಿಗೆ ಪಾಸ್‌ಪೋರ್ಟ್ ಮಾಡಿಸಿದ್ದ. ಹೊಳೆಯ ಆಚೆಯ ಊರನ್ನೇ ನೋಡದವಳಿಗೆ ಪಾಸ್‌ಪೋರ್ಟು! ನನಗೆ ತಕ್ಷಣ ಗೊತ್ತಾಯಿತು. ಗ್ರೀಸಿನಲ್ಲಿ ಜೋಳದ ರೊಟ್ಟಿ ಬಡಿದು ಹಾಕಲು ಯಾರಾದರೂ ಬೇಕಲ್ಲ!

ಆ ಭಾನುವಾರ ಅಮೀನಗಡದ ಕರದಂಟು ಹಿಡಿದುಕೊಂಡು ಊಟಕ್ಕೆ ಬಂದ. ಹೊಸ್ತಿಲಲ್ಲೇ ನಿಲ್ಲಿಸಿದೆ.

"ಮಾಮಾ, ಎಲ್ಲಾರ ಮನಿ ಗ್ವಾಡಿ ಸುತ್ತತೀ, ನಿಮ್ಮ ಅಕ್ಕನ ಗ್ವಾಡಿ ನೋಡಿಯೇನ?"

"ನೋಡೇನಿ."

"ನೋಡಿ ಗ್ರೀಸಿಗೆ ಹೊಂಟಿಯೇನ? ನಾಚಿಕಿ ಆಗೂದಿಲ್ಲ ನಿನಗ?"

"ತಡಿಯವಾ. ಸ್ವಲ್ಪ ತಡಿ."

"ನಾ ತಡದ್ರ ನೀರು ತಡೀತೈತೇನ?"

ಮಾವ ಕರದಂಟಿನ ಪೊಟ್ಟಣವನ್ನು ಅವ್ವನ ಕೈಗಿಟ್ಟು, ಗೋಡೆಯ ಕಡೆ ನೋಡದೆ ಒಳಗೆ ನಡೆದ. ಊಟಕ್ಕೆ ಕೂತಾಗ ಅವ್ವ ನನ್ನ ತಟ್ಟೆಗಿಂತ ಮೊದಲು ಅವನ ತಟ್ಟೆಗೇ ಬಿಸಿ ರೊಟ್ಟಿ ಹಾಕಿದಳು. ಆ ಸಿಟ್ಟು ಬೇರೆ!

ಮುಂಗಡ ಕಳಿಸುವ ಮುಂಚೆ ಅಲ್ಲಿನ ವಕೀಲೆಯೊಡನೆ ಕೊನೆಯ ಮಾತುಕತೆ ಇತ್ತು. ಅವ್ವ ಒಲೆಯ ಮುಂದೆ, ನಾವಿಬ್ಬರೂ ಪಡಸಾಲೆಯಲ್ಲಿ. ಪರವಾನಗಿಯಲ್ಲಿ ಹೆಂಡತಿ, ಸಣ್ಣ ಮಕ್ಕಳು, ತಂದೆತಾಯಿಯರನ್ನು ಸೇರಿಸಬಹುದು, ಯಾರನ್ನು ಸೇರಿಸಲಿ ಎಂದು ವಕೀಲೆ ಕೇಳಿದಳು. ಯಾರೂ ಇಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ.

"ಅವ್ವ ಒಬ್ಬಾಕಿ ಅಂತ ಹೇಳು" ಎಂದ ಮಾವ.

ನಾನು ದಂಗಾದೆ. ಮಾವನ ತಾಯಿ, ಅಂದರೆ ನಮ್ಮಜ್ಜಿ, ಈತನನ್ನು ಹಡೆದ ಬಾಣಂತನದಲ್ಲೇ ತೀರಿಹೋದವಳು. ಮಾವ ನಮ್ಮವ್ವನ ಪಾಸ್‌ಪೋರ್ಟನ್ನು ಪರದೆಗೆ ಹಿಡಿದ. ವಕೀಲೆ ಕನ್ನಡಕ ಏರಿಸಿ ನೋಡಿದಳು, ಬೆರಳಲ್ಲಿ ಏನೋ ಲೆಕ್ಕ ಹಾಕಿದಳು, ಆಮೇಲೆ ಬಹಳ ಮೆತ್ತಗೆ ಕೇಳಿದಳು: ಈಕೆ ನಿಮಗಿಂತ ಹತ್ತೇ ವರ್ಷ ದೊಡ್ಡವರಲ್ಲ, ತಾಯಿ ಹೇಗಾಗುತ್ತಾರೆ?

"ನಮ್ಮವ್ವ ಸತ್ತಾಗ ನಾ ಕೈಗೂಸು. ಈಕಿ ಇನ್ನೂ ಲಂಗ ಉಡೂ ಹುಡುಗಿ. ಸಾಲಿ ಬಿಟ್ಟು ನನ್ನ ಬಗಲಾಗ ಎತಗೊಂಡು ಬೆಳಸ್ಯಾಳ. ನನಗ ಈಕೀನೇ ಅವ್ವ. ಹೇಳು ಅವರಿಗೆ. ಛಲೋತ್ನಂಗ ಹೇಳು."

ಛಲೋತ್ನಂಗೇ ಹೇಳಿದೆ. ಕಾಲೇಜಿನಲ್ಲಿ ಎಂದೂ ಅಷ್ಟು ಒಳ್ಳೆಯ ಇಂಗ್ಲಿಷ್ ಮಾತಾಡಿದವಳಲ್ಲ ನಾನು. ವಕೀಲೆ ಕೇಳಿಸಿಕೊಂಡಳು, ಕ್ಷಮಿಸಿ ಎಂದಳು, ಕಾನೂನಿನಲ್ಲಿ ಅಕ್ಕನಿಗೆ ಜಾಗವಿಲ್ಲ ಎಂದಳು. ಬೇಕಾದರೆ ಹೆಂಡತಿಯ ತಾಯಿಯನ್ನು ಸೇರಿಸಬಹುದಂತೆ! ಕೇಳಿದಿರಾ? ಕೂಡಲಸಂಗಮದ ಆ ಹುಡುಗಿಯನ್ನು ಕಟ್ಟಿಕೊಂಡಿದ್ದರೆ ಅತ್ತೆಗೆ ಯುರೋಪು ಸಿಗುತ್ತಿತ್ತು, ಎದೆಗೆ ಕಟ್ಟಿಕೊಂಡು ಬೆಳೆಸಿದ ಅಕ್ಕನಿಗೆ ಮಾತ್ರ ಇಲ್ಲ! ತಿಂಗಳುಗಟ್ಟಲೆ ಮಾವನ ಮೇಲೆ ಕೂಡಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಆ ಖಂಡದ ಕಡೆ ತಿರುಗಿತು. ಇದೆಂಥ ಕಾನೂನು ನಿಮ್ಮದು, ಯಾರು ಬರೆದದ್ದು, ಅವರಿಗೆ ಅಕ್ಕಂದಿರು ಇರಲಿಲ್ಲವೇ ಎಂದು ಜಗಳಕ್ಕೇ ಇಳಿದೆ. ಮಾವನೇ ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದ.

"ಬಿಡವಾ. ಹಂಗಾರ ಆ ಮನಿ ನಮಗ ಬ್ಯಾಡ ಅಂತ ಹೇಳು."

ಅಷ್ಟೇ. ಅಷ್ಟು ಓಡಾಟ, ಅಷ್ಟು ಕಿಟಕಿ, ಅಷ್ಟು ಗೋಡೆ, ಎಲ್ಲಕ್ಕೂ ಅಷ್ಟೇ ಮಾತಿನಲ್ಲಿ ಮಂಗಳ ಹಾಡಿದ. ಗ್ರೀಸಿನ ಮನೆಯನ್ನು ಆತ ತನಗೆಂದು ನೋಡಿರಲೇ ಇಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ? ಹೇಳಿದ್ದರೆ ನಾನೇಕೆ ಹಾಗೆಲ್ಲ ಬೈಯುತ್ತಿದ್ದೆ? ಈ ವಂಶದ ಗಂಡಸರಿಗೆ ನಾಲಿಗೆ ಇರುವುದು ಹೆಣ್ಣಿನವರ ಹಿತ್ತಲಲ್ಲಿ ಮಾತ್ರ!

ಅವ್ವ ಕೈಗೆ ಹಿಟ್ಟು ಮೆತ್ತಿಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಏ ಹುಚ್ಚಾ, ನನ್ನ ಕೇಳಿ ಮನಿ ನೋಡಿದೇನ?"

"ನಿನಗ ನೀರಿನ ಕಾಟ ಇರಬಾರದು ಅಂತ, ಅಕ್ಕಾ. ಯಾವ ಕಿಡಕ್ಯಾಗೂ ನೀರು ಕಾಣಬಾರದು ಅಂತ."

"ಕಾಣದಿದ್ರ ನಾ ಹ್ಯಾಂಗ ಇರಲೋ?" ಎಂದಳು ಅವ್ವ. "ನಮ್ಮವ್ವ ಸತ್ತ ಮನಿ, ನಿನ್ನ ತೊಟ್ಟಲಾ ಕಟ್ಟಿದ್ದ ಮನಿ ಆ ನೀರಾಗೇ ಐತಿ. ಬ್ಯಾಸಗ್ಯಾಗ ನೀರು ಇಳದ್ರ ಅದರ ಬುನಾದಿ ಕಾಣತೈತಿ. ದಿನಾ ಸಂಜಿಕ ಕಟ್ಟಿ ಮ್ಯಾಲ ಕುಂತು ನಾ ಮತ್ತೇನು ನೋಡ್ತೇನಿ ಅಂತ ಮಾಡಿದ್ದಿ?"

ಗಾಳಿಗೆ ಕೂರುತ್ತಾಳೆಂದು ನಾನು ಹಲ್ಲು ಕಡಿದಿದ್ದೆನಲ್ಲ, ಆ ಹಲ್ಲುಗಳನ್ನು ಎಲ್ಲಿ ಇಟ್ಟುಕೊಳ್ಳಲಿ? ಮಾವ ತಲೆ ತಗ್ಗಿಸಿ ಕೂತಿದ್ದ. ಅವ್ವ ಬಂದು ಹಿಟ್ಟಿನ ಕೈಯಲ್ಲೇ ಅವನ ನೆತ್ತಿ ಮುಟ್ಟಿದಳು. ನೆರೆತ ಕೂದಲ ಮೇಲೆ ಜೋಳದ ಹಿಟ್ಟು ಉಳಿಯಿತು. ಆತ ಒರೆಸಿಕೊಳ್ಳಲಿಲ್ಲ.

ಕಳೆದ ತಿಂಗಳು ಮೂವರೂ ನವನಗರದ ಎತ್ತರದ ಕಡೆ ಮನೆ ನೋಡಲು ಹೋಗಿದ್ದೆವು. ಮಾವ ರೂಢಿಯಂತೆ ಗೋಡೆಗೆ ಪ್ರದಕ್ಷಿಣೆ ಹಾಕಿದ. ಗಿರಾಕಿ ಮುಳುಗಡೆಯವರೆಂದು ಅರಿತ ಇಲ್ಲಿನ ದಲ್ಲಾಳಿ ಹಿಂದೆಯೇ ಬಂದು, "ಕಾಳಜಿ ಬ್ಯಾಡ್ರಿ, ಆಣೆಕಟ್ಟು ಎಷ್ಟ ಏರಿಸಿದ್ರೂ ನೀರು ಇಲ್ಲಿಗೆ ಬರೂದಿಲ್ರಿ" ಎಂದು ಕೊಚ್ಚಿಕೊಂಡ. ಅವ್ವ ಮೊಣಕಾಲು ಹಿಡಿದುಕೊಂಡು ಮಾಳಿಗೆಯ ಮೆಟ್ಟಿಲು ಏರತೊಡಗಿದ್ದಳು.

"ಅದು ಇರಲಿ ಬಿಡ್ರಿ" ಎಂದ ಮಾವ, ಅಕ್ಕನನ್ನೇ ನೋಡುತ್ತ. "ಮಾಳಗಿ ಮ್ಯಾಲಿಂದ ನೀರು ಕಾಣತೈತೇನ್ರಿ?"

ನಾನು ಅತ್ತ ತಿರುಗಿ, ಮೆಟ್ಟಿಲಿಗೆ ಕಂಬಿ ಹಾಕಿಸಿಲ್ಲವೆಂದು ದಲ್ಲಾಳಿಯ ಮೇಲೆ ಹರಿಹಾಯ್ದೆ. ಯಾರನ್ನಾದರೂ ಬೈಯದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.