ಕುಳಿತು ಬಂದ ಚೀಲ

ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಬಸ್ಸಿನಲ್ಲಿ ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಸವಣೂರು ಸ್ಟ್ಯಾಂಡಿನಲ್ಲಿ ಯಾರೂ ಇಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ನನ್ನ ಚೀಲ ಒಳಗೆ ಬಿದ್ದಿರುತ್ತದೆ. ಬೇರೆಯವರ ಟವೆಲ್ ಬಿದ್ದಿದ್ದರೆ ಅದನ್ನೆತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯವೂ ನನಗುಂಟು. "ಬಸ್ಸೇನು ನಿಮ್ಮಪ್ಪಂದೇನ್ರಿ?" ಎಂದವರಿಗೆ "ನಿಮ್ಮಪ್ಪಂದೂ ಅಲ್ಲಲ್ರಿ!" ಎಂದು ಹೇಳಿ ಕಿಟಕಿಯ ಆಚೆ ನೋಡುತ್ತೇನೆ. ಹಾನಗಲ್ಲಿನ ತವರಿಗೆ ಇಷ್ಟು ವರ್ಷ ಓಡಾಡಿದರೂ ಮೊನ್ನೆಯ ತನಕ ಒಮ್ಮೆಯೂ ನಿಂತು ಹೋದವಳಲ್ಲ.

ಈ ವಿದ್ಯೆಯನ್ನು ಜಪಾನಿಗೂ ಹೊತ್ತುಕೊಂಡು ಹೋದದ್ದೇ ತಪ್ಪಾಯಿತು. ನಮ್ಮವರದು ಬೀಜ, ಗೊಬ್ಬರದ ಅಂಗಡಿ. ಗೋವಿನಜೋಳದ ಬೀಜ ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಗಂಡಹೆಂಡತಿ ಇಬ್ಬರನ್ನೂ ಪ್ರವಾಸಕ್ಕೆ ಕಳಿಸಿದ್ದರು. ಕೊನೆಯ ದಿನ ಸಂಜೆಗೆ ವಿಮಾನ. ಬೆಳಿಗ್ಗೆ ನಾವಿಬ್ಬರೇ ಸುತ್ತಾಡಲು ಹೊರಟೆವು. ಹೋಟೆಲಿನಲ್ಲಿಟ್ಟರೆ ಕಳವಾದೀತೆಂದು ಇಬ್ಬರ ಪಾಸ್‌ಪೋರ್ಟನ್ನೂ ನನ್ನ ಚೀಲಕ್ಕೇ ಹಾಕಿಕೊಂಡಿದ್ದೆ. ಅಷ್ಟು ಜಾಣೆ ನಾನು.

ಸ್ಟೇಶನ್ನಿನಲ್ಲಿ ಜನ ಸಾಲಾಗಿ ನಿಂತಿದ್ದರು. ರೈಲಿನ ಬಾಗಿಲು ತೆರೆದದ್ದೇ ತಡ, ಮುಂದಿದ್ದ ಒಬ್ಬ ಅಜ್ಜಿಯನ್ನು ಮೊಣಕೈಯಿಂದ ಸರಿಸಿ ನುಗ್ಗಿದೆ. ಅಜ್ಜಿಯ ಕೊಡೆ ಕೆಳಗೆ ಬಿತ್ತು. ಬಾಗಿಲ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ತಿರುಗಿ ನೋಡಿದರೆ, ನಮ್ಮವರು ತಂಪು ಪಾನೀಯ ಮಾರುವ ಯಂತ್ರದ ಮುಂದೆ ನಿಂತಿದ್ದಾರೆ! "ಏನ್ರಿ, ಸೀಟ್ ಹಿಡದೇನಿ, ಲಗೂ ಬರ್ರಿ!" ಎಂದು ಕೆಳಗಿಳಿದು ಅವರ ತೋಳು ಎಳೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ನಮ್ಮ ಚೀಲ ನಮ್ಮ ಕಣ್ಣೆದುರೇ ಹೊರಟುಹೋಯಿತು.

"ಆತು, ಇನ್ನ ಇಲ್ಲೇ ಒಂದ್ ಬೀಜದ ಅಂಗಡಿ ಹಾಕೂಣು ತಗೋ" ಎಂದರು ನಮ್ಮವರು. ನನಗೆ ಅಳು ಬಂತು. ಅತ್ತು ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಚೀಲ ತಗೊಂಡ ಹೋಗಾಕಿ ನಾ, ಬಿಡೂದಿಲ್ಲ" ಎಂದೆ. ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು, ಅದು ಮಾತ್ರ ಗೊತ್ತಿರಲಿಲ್ಲ.

ಆಗ ಯಾರೋ ನನ್ನ ಕೈ ಹಿಡಿದರು. ಅದೇ ಅಜ್ಜಿ! ಕೊಡೆ ಎತ್ತಿಕೊಳ್ಳುವುದರಲ್ಲಿ ಅವರಿಗೂ ರೈಲು ತಪ್ಪಿತ್ತು. ಬೈಯುತ್ತಾರೆಂದು ನಾನು ಸಿದ್ಧಳಾಗಿ ನಿಂತೆ. ಅವರು ನನ್ನನ್ನು ಸ್ಟೇಶನ್ನಿನವನ ಹತ್ತಿರ ಕರೆದೊಯ್ದು, ಪ್ಲಾಟ್‌ಫಾರ್ಮಿನ ನೆಲದ ಮೇಲೆ ಬರೆದಿದ್ದ, ನಾನು ನುಗ್ಗಿದ ಬಾಗಿಲ ನಂಬರು ತೋರಿಸಿ, ಎಡಗಡೆಯ ಸೀಟೆಂದು ಕೈಸನ್ನೆ ಮಾಡಿದರು. ನನ್ನ ಚೀಲ ಎಲ್ಲಿ ಕುಳಿತಿದೆಯೆಂದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಅವನು ಫೋನು ಮಾಡಿದ. ಅಜ್ಜಿ ನಮ್ಮ ಜೊತೆಯೇ ಮುಂದಿನ ರೈಲು ಹತ್ತಿದರು.

"ತಪ್ಪಾತವ್ವಾ" ಎಂದು ಅವರ ತೋಳು ಸವರಿದೆ. ಅವರು ನಕ್ಕು, ಕೊಡೆಯನ್ನು ಆಚೆಯ ಕೈಗೆ ಬದಲಿಸಿಕೊಂಡರು.

ನಾಲ್ಕನೇ ಸ್ಟೇಶನ್ನಿನಲ್ಲಿ ಒಬ್ಬ ಅಧಿಕಾರಿ ಎರಡೂ ಕೈಯಿಂದ ಚೀಲ ಕೊಟ್ಟ. ಎರಡೂ ಪಾಸ್‌ಪೋರ್ಟು ಒಳಗೇ ಇದ್ದವು. ಅವನು ತನ್ನ ಫೋನಿಗೆ ಏನೋ ಹೇಳಿದ, ಫೋನು ಅದನ್ನು ಹಿಂದಿಯಲ್ಲಿ ಹೇಳಿತು. ನಮ್ಮವರು ಬಿದ್ದುಬಿದ್ದು ನಗುತ್ತ ತಿಳಿಸಿದರು: "ಸೀಟ್ ಯಾರದೋ ಅಂತ ಜನಾ ಎಲ್ಲಾ ನಿಂತ ಬಂದಾರಂತ. ನಿನ್ನ ಚೀಲ ಅಷ್ಟ ಕುಂತು ಬಂದೈತಿ!" ಕೈಮುಗಿಯಲು ತಿರುಗಿದರೆ ಅಜ್ಜಿ ಇಲ್ಲ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ, ವಾಪಸು ಹೋಗುವ ರೈಲಿಗೆ ಸಾಲಿನ ಕೊನೆಯಲ್ಲಿ ನಿಂತಿದ್ದರು. ನಮಗೋಸ್ಕರ ಅವರು ತಾವು ಇಳಿಯಬೇಕಾದ ಸ್ಟೇಶನ್ನನ್ನೇ ದಾಟಿ ಬಂದಿದ್ದರು. ಅವತ್ತೇ ಆಣೆ ಮಾಡಿದೆ, ಇನ್ನು ಮೇಲೆ ಯಾರ ಸೀಟಿಗೂ ಕೈ ಹಚ್ಚುವುದಿಲ್ಲ.

ಊರಿಗೆ ಬಂದ ಮರುವಾರ ಹಾನಗಲ್ಲಿನ ಬಸ್ಸು ಹತ್ತಿದೆ. ವಿಪರೀತ ಗದ್ದಲ, ಆದರೆ ಮುಂದಿನ ಸೀಟಿನ ಮೇಲೆ ಟವೆಲೊಂದೇ ಕುಳಿತಿತ್ತು. ನಾನು ಪಕ್ಕದಲ್ಲೇ ನಿಂತೆ. ಒಬ್ಬ ದಢೂತಿ ಆಸಾಮಿ ಕೂರಲು ಬಂದ. "ಯಾರೋ ಹಿಡದಾರ್ರಿ, ಬರ್ತಾರ" ಎಂದು ತಡೆದೆ. ಮತ್ತೊಬ್ಬಳು ಬಂದಳು, ಅವಳಿಗೂ ಅದನ್ನೇ ಹೇಳಿದೆ. ಕಾಲು ಬಾತುಕೊಂಡವು, ಆದರೂ ಬಿಡಲಿಲ್ಲ. ಹಾನಗಲ್ಲು ಬಂದಾಗ ಕಂಡಕ್ಟರು ನುಸುಳಿ ಬಂದು, ಟವೆಲ್ ಎತ್ತಿ ಮುಖ ಒರೆಸಿಕೊಂಡ.

"ಯಾಕ್ರಿ ಅಕ್ಕಾರ, ಸೀಟ್ ಖಾಲಿ ಇಟ್ಕೊಂಡು ನಿಂತ ಬಂದ್ರಿ? ಇದು ನಂದರಿ, ಒಣಗಾಕ ಹಾಕಿದ್ದೆ."

ದಢೂತಿ ಆಸಾಮಿ ನನ್ನನ್ನೇ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ.