ಹಳೆಯ ದೋಣಿಯ ಅಡಿ ನೋಡತಕ್ಕದ್ದರ ಬಗ್ಗೆ

ಕನ್ನಡಿಗರ ಜಲವಿಹಾರ ಬಳಗ
ನಾಸಿಕ್ ಹಾಗೂ ಛತ್ರಪತಿ ಸಂಭಾಜಿನಗರ

ಕ್ರಮಾಂಕ: ಕಜಬ/ಹಳೆ ದೋಣಿ/ಅಡಿ/01/2025-26

ವಿಷಯ: ಸುಖಪ್ರಯಾಣಕ್ಕಾಗಿ ಟ್ರಾಲರ್ ಮಾದರಿಯ ಹಳೆಯ ವಿಹಾರ ದೋಣಿ ಕೊಳ್ಳುವಾಗ ಪಾಲಿಸತಕ್ಕ ಕ್ರಮಗಳು.

ಉಲ್ಲೇಖ: 1) ನಾಸಿಕ್ ರೋಡ್‌ನ ಶುದ್ಧ ಶಾಕಾಹಾರಿ ಹೋಟೆಲಿನ ಮಾಲೀಕರೂ ಬಳಗದ ಕಾರ್ಯದರ್ಶಿಗಳೂ ಆದ ಶ್ರೀ ಮೋಹನದಾಸ ಅವರ ಮೌಖಿಕ ಮನವಿ: "ಮೂವತ್ನಾಲ್ಕ್ ವರ್ಷ ಗಲ್ಲಾಪೆಟ್ಗಿ ಹಿಂದ್ ನಿಂತೆ. ಇನ್ನ್ ಕೂಕಂಡ್ ತಿರ್ಗ್ಕ್ ಮಾರಾಯ್ರೆ."
2) ಅವರ ಪತ್ನಿ ಶ್ರೀಮತಿ ರಾಜೀವಿ ಅವರ ಮೌಖಿಕ ಪ್ರಶ್ನೆ: "ಮಂಚ ಕಂಡ್ರಿ, ಒಲೆ ಕಂಡ್ರಿ. ಅಡಿ ಯಾರ್ ಕಂಡದ್ದ್?" (ಉತ್ತರ ಬಾಕಿ.)

ಉಲ್ಲೇಖಿತ ಮನವಿಯಂತೆ ಮೋಹನದಾಸ ಅವರು ಕೊಂಡ ದೋಣಿಯು ಮೊದಲ ವಿಹಾರದಲ್ಲೇ ಮುಳುಗುವ ಹಂತ ತಲುಪಿದ್ದರಿಂದ, ಸಮಸ್ತ ಸದಸ್ಯರಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ದೋಣಿ ನೋಡಲು ಅಲಿಬಾಗ್‌ಗೆ ತೆರಳಿದ ನಿಯೋಗವು ಮಂಚದ ಮೇಲೆ ಮಲಗಿ, ಒಲೆ ಹಚ್ಚಿ, ಎ.ಸಿ. ಹಾಕಿ, ಪರದೆಗಳ ಬಣ್ಣವನ್ನು ಮತಕ್ಕೆ ಹಾಕಿ, ದೋಣಿ ಉತ್ತಮವಾಗಿದೆಯೆಂದು ತೀರ್ಮಾನಿಸಿರುತ್ತದೆ. ದೋಣಿಗೆ ತಳವೂ ಇರುತ್ತದೆಂಬ ಅಂಶ ನಿಯೋಗದ ಗಮನಕ್ಕೆ ಬಂದಿರುವುದಿಲ್ಲ. ಇನ್ನು ಮುಂದೆ ದೋಣಿಯನ್ನು ಕೆಳಗಿನಿಂದ ಮೇಲಕ್ಕೆ ನೋಡತಕ್ಕದ್ದು.

2. ಮಾರುವವರು ಕೊಟ್ಟ ತಪಾಸಣಾ ವರದಿಯ 'ತಳಭಾಗ' ಕಾಲಮಿನಲ್ಲಿ 'ಪಾಹಿಲೇ ನಾಹೀ' ಎಂದು, ಅಂದರೆ ನೋಡಿಲ್ಲವೆಂದು, ಮರಾಠಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಧಾರವಾಡದಿಂದ ಸಂಭಾಜಿನಗರಕ್ಕೆ ವರ್ಗವಾಗಿ ಬಂದು ಹತ್ತೇ ತಿಂಗಳಾದ ಬ್ಯಾಂಕ್ ಅಧಿಕಾರಿ ಶ್ರೀ ಯತಿರಾಜ್ ಅವರು ಅದನ್ನು ಓದಿ ಒಪ್ಪಿಗೆ ನೀಡಿದ್ದರು. ಅವರ ವಿವರಣೆ: "ಪಾಹಿಲೇ ಅಂದ್ರ ನೋಡೇವಿ, ನಾಹೀ ಅಂದ್ರ ತೊಂದ್ರಿ ಇಲ್ಲ ಅಂತ ತಿಳ್ಕೊಂಡಿದ್ದೆ ರೀ." ಅಲ್ಪವಿರಾಮವನ್ನು ಸ್ವಂತ ಜವಾಬ್ದಾರಿಯಲ್ಲಿ ಹಾಕಿಕೊಳ್ಳುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಮೋಹನದಾಸರ ಮಗಳು, ಇಲ್ಲಿಯೇ ಹುಟ್ಟಿ ಮರಾಠಿಯಲ್ಲೇ ಓದಿದ ಕು. ಶ್ರೀಜಾ ಪಕ್ಕದಲ್ಲೇ ಕುಳಿತಿದ್ದು, ಆಕೆಯನ್ನು ಯಾರೂ ಕೇಳಿರುವುದಿಲ್ಲ.

3. ನಾಸಿಕ್‌ನ ಪಂಚವಟಿಯಲ್ಲಿ ಗೋದಾವರಿ ಮೊಣಕಾಲಿಗೂ ಬಾರದ ಕಾರಣ, ಒಂದು ದಿನದ ಅನುಮತಿ ಪಡೆದು, ಲಾರಿಯಲ್ಲಿ ತಂದು, ಸಂಭಾಜಿನಗರದ ಬಳಿಯ ಪೈಠಣದ ಜಲಾಶಯದಲ್ಲಿ ದೋಣಿ ಇಳಿಸಲಾಯಿತು. ಹದಿನಾಲ್ಕು ಜನರನ್ನು ಹೊತ್ತು ದೋಣಿ ದಡದಿಂದ ಅರ್ಧ ಕಿಲೋಮೀಟರ್ ಸಾಗಿದಾಗ ನೆಲಹಲಗೆಯ ಮೇಲೆ ನೀರು ಕಂಡಿತು. "ಅದ್ ಎ.ಸಿ. ನೀರ್" ಎಂದು ಮೋಹನದಾಸರು ಸಭೆಗೆ ಭರವಸೆ ನೀಡಿದರು. ಅಧ್ಯಕ್ಷ ಶ್ರೀ ಪ್ರಭಾಕರ ಅವರು ಸ್ವಾಗತ ಭಾಷಣ ಮುಂದುವರಿಸಿದರು. ಇನ್ನು ಮುಂದೆ ನೀರು ಪಾದ ಮುಟ್ಟಿದರೆ ಭಾಷಣವನ್ನು ಸಂಕ್ಷಿಪ್ತಗೊಳಿಸತಕ್ಕದ್ದು. ಕಣಕಾಲು ದಾಟಿದರೆ ನೇರವಾಗಿ ವಂದನಾರ್ಪಣೆಗೆ ಹೋಗತಕ್ಕದ್ದು.

4. ಆಗ ರಾಜೀವಿಯವರು ಎದ್ದು, "ಮಾತ್ ಸಾಕ್, ಬಕೆಟ್ ಹಿಡ್ಕಣಿ. ಎಂಜಿನ್ ನಿಲ್ಸ್‌ಬೇಡಿ" ಎಂದು ಆದೇಶಿಸಿ, ಹಲಗೆ ಕಿತ್ತು ಕೈ ಇಳಿಸಿದರು. ಪ್ರೊಪೆಲ್ಲರ್ ದಂಡ ಹೊರಹೋಗುವ ಕಡೆ ನೀರು ನುಗ್ಗುತ್ತಿತ್ತು. ಪತಿಯ ಸನ್ಮಾನಕ್ಕೆಂದು ತಂದಿದ್ದ ಶಾಲನ್ನು ಸುತ್ತಲೂ ತುರುಕಿದರು. ಸದಸ್ಯರು ಸಾಂಬಾರಿನ ಬಕೆಟ್ಟುಗಳಲ್ಲಿ ನೀರು ಮೊಗೆದರು. ಯತಿರಾಜ್ ಅವರು ಮೈಸೂರು ಪೇಟದಲ್ಲಿ ಮೊಗೆದರು. ಪೇಟದಲ್ಲಿ ನೀರು ನಿಲ್ಲುವುದಿಲ್ಲವೆಂಬುದು ಪ್ರಯೋಗದಿಂದ ಸಾಬೀತಾಗಿರುವುದರಿಂದ ಸದರಿ ವಸ್ತುವನ್ನು ಸುರಕ್ಷಾ ಸಾಮಗ್ರಿಗಳ ಪಟ್ಟಿಯಿಂದ ಕೈಬಿಡಲಾಗಿದೆ. ಸನ್ಮಾನದ ಶಾಲು ಪ್ರಯೋಜನಕ್ಕೆ ಬಂದದ್ದು ಬಳಗದ ಇತಿಹಾಸದಲ್ಲಿ ಇದೇ ಪ್ರಥಮ.

5. ನಂತರ ರಾಜೀವಿಯವರು ಸ್ಟೀರಿಂಗ್ ಹಿಡಿದು, ದಡದ ಕೆಸರು ಎಲ್ಲಿ ಮೆತ್ತಗಿದೆಯೆಂದು ನೀರಿನ ಬಣ್ಣ ನೋಡಿಯೇ ತಿಳಿದು, ದೋಣಿಯನ್ನು ಅಲ್ಲಿಗೆ ಹತ್ತಿಸಿ ನಿಲ್ಲಿಸಿದರು. ಹದಿನಾಲ್ಕೂ ಜನ ಸುರಕ್ಷಿತ. ಉಪ್ಪಿಟ್ಟು ಹೋಯಿತು.

6. ಇದೆಲ್ಲ ಎಲ್ಲಿ ಕಲಿತಿರೆಂದು ಅಧ್ಯಕ್ಷರು ವಿಚಾರಿಸಲಾಗಿ, ತೀರಿಹೋದ ತಮ್ಮ ತಂದೆ ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಆಗಿದ್ದರೆಂದೂ, ಮದುವೆಯವರೆಗೆ ಅವರೊಡನೆ ಕಡಲಿಗೆ ಹೋಗುತ್ತಿದ್ದೆನೆಂದೂ ರಾಜೀವಿ ತಿಳಿಸಿದರು. ಇಷ್ಟು ವರ್ಷ ಹೇಳದಿದ್ದುದೇಕೆಂಬ ಪ್ರಶ್ನೆಗೆ ಕೆಸರಿನಲ್ಲಿ ನಿಂತಿದ್ದ ಮೋಹನದಾಸರು ಉತ್ತರಿಸಿದರು: "ಹೇಳ್ಬೇಡ ಅಂದದ್ದ್ ನಾನೇ. ಶುದ್ಧ ಶಾಕಾಹಾರಿ ಬೋರ್ಡಿನಡಿ ಮೀನಿನ್ ಸುದ್ದಿ ಬೇಡ ಅಂದೆ. ಅವ್ಳ್ ಅಪ್ಪಯ್ಯ ಬಂದಾಗ್ಳೂ ಹಿಂದಿನ್ ಬಾಗ್ಲಗೇ ಕರ್ಕಂಡದ್ದ್." ಶ್ರೀಜಾ ತಾಯಿಯ ಪಕ್ಕ ಹೋಗಿ ನಿಂತಳು. ಮೋಹನದಾಸರ ಈ ಹೇಳಿಕೆಯನ್ನು ಅವರದೇ ಕೋರಿಕೆಯ ಮೇರೆಗೆ ಯಥಾವತ್ ದಾಖಲಿಸಲಾಗಿದೆ.

7. ದೋಣಿಯನ್ನು ಮಾರತಕ್ಕದ್ದಲ್ಲ. ರಿಪೇರಿ ರಾಜೀವಿಯವರ ಉಸ್ತುವಾರಿಯಲ್ಲಿ ನಡೆಯುವುದು. ಅಲ್ಲಿಯವರೆಗೆ ಮೋಹನದಾಸರು ಅಡುಗೆಮನೆ ನೋಡಿಕೊಳ್ಳತಕ್ಕದ್ದು.

ಸಹಿ/-
ರಾಜೀವಿ
ತಾಂಡೇಲರು, ಕನ್ನಡಿಗರ ಜಲವಿಹಾರ ಬಳಗ

ಪ್ರತಿಗಳು:
1. ಶ್ರೀ ಪ್ರಭಾಕರ, ಅಧ್ಯಕ್ಷರು: ಉಳಿದ ಭಾಷಣವನ್ನು ಲಿಖಿತವಾಗಿ ಸಲ್ಲಿಸಲು. ಓದುವ ಭರವಸೆ ನೀಡಲಾಗಿಲ್ಲ.
2. ಶ್ರೀ ಯತಿರಾಜ್: ಕು. ಶ್ರೀಜಾ ಅವರಲ್ಲಿ ಪ್ರತಿ ಭಾನುವಾರ ಮರಾಠಿ ಪಾಠಕ್ಕೆ ಹಾಜರಾಗಲು.
3. ಹೋಟೆಲಿನ ಸೂಚನಾ ಫಲಕ, ಗಲ್ಲಾಪೆಟ್ಟಿಗೆಯ ಮೇಲ್ಭಾಗ.
4. ಗಂಗೊಳ್ಳಿಯಲ್ಲಿರುವ ರಾಜೀವಿಯವರ ಅಣ್ಣ: ಮಾಹಿತಿಗಾಗಿ. ಈ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸತಕ್ಕದ್ದಲ್ಲ. ಮೋಹನದಾಸರೇ ಖುದ್ದಾಗಿ ಒಯ್ದು, ಆ ಮನೆಯ ಮುಂಬಾಗಿಲಲ್ಲಿ ನಿಂತು, ಓದಿ ಹೇಳತಕ್ಕದ್ದು.